ಐದು ಪನ್ನದ ರಜಾಯಿ

ಮದುವೆಯಾಗಿ ಬನಹಟ್ಟಿಗೆ ಬಂದ ಮೊದಲ ಚಳಿಗಾಲದಲ್ಲಿ ಅತ್ತೆ ನನಗೊಂದು ಕಂಬಳಿ ಕೊಟ್ಟರು. ನಮ್ಮ ಮನೆಯವರದು ಬೇರೆ ಇತ್ತು. ಮಾವನವರದು ಬೇರೆ, ಅತ್ತೆಯದು ಬೇರೆ. ತಲೆಗೊಂದು ಗಂಗಾಳ, ತಲೆಗೊಂದು ತಂಬಿಗೆ ಇದ್ದಂತೆ ಆ ಮನೆಯಲ್ಲಿ ತಲೆಗೊಂದು ಕಂಬಳಿ. ಬೀಳಗಿ ಸೀಮೆಯ ಕುರುಬರು ಕುರಿ ಹೊಡೆದುಕೊಂಡು ನಮ್ಮ ಕಡೆಗೆ ಬಂದಾಗ ಅವರಿಂದಲೇ ಕೊಂಡ ಕರಿ ಕಂಬಳಿಗಳು ಅವು. ಅಂಥ ಕಂಬಳಿ ಕೊಂಡರೆ ಹೊದ್ದವನು ಸವೆಯುತ್ತಾನೆ, ಕಂಬಳಿ ಸವೆಯುವುದಿಲ್ಲ ಎಂದು ಮಾವನವರು ಹೆಮ್ಮೆಯಿಂದ ಹೇಳುತ್ತಿದ್ದರು.

ಅದು ನಿಜ. ನಾನು ಆಗಲೇ ಸವೆಯತೊಡಗಿದ್ದೆ. ಮುಧೋಳದ ತವರಿನಲ್ಲಿ ಅಜ್ಜಿಯ ಪಕ್ಕದಲ್ಲಿ, ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಮೆತ್ತನೆಯ ಕೌದಿಯೊಳಗೆ ಮಲಗಿ ಬೆಳೆದವಳು ನಾನು. ಇಲ್ಲಿ ಕಂಬಳಿಯ ಕೂದಲು ಕುತ್ತಿಗೆಗೂ ಗಲ್ಲಕ್ಕೂ ಚುಚ್ಚುತ್ತಿತ್ತು. ಇಬ್ಬನಿ ಬಿದ್ದ ಮುಂಜಾವಿನಲ್ಲಿ ಅದರಿಂದ ಕುರಿಯ ವಾಸನೆ ಏಳುತ್ತಿತ್ತು. ಅಷ್ಟನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ಅದರ ಅಗಲ. ಅದು ಸರಿಯಾಗಿ ಒಬ್ಬರಿಗೆ ಸಾಕು. ಎರಡನೆಯವರ ಮೊಣಕೈಗೂ ಅದರೊಳಗೆ ಜಾಗವಿಲ್ಲ. ಮದುವೆಯಾಗಿ ಆರು ತಿಂಗಳಾಗಿದ್ದ ನಾವಿಬ್ಬರು ಹಿಂದಿನ ಖೋಲಿಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ, ಇನ್ನೆರಡು ಜೋಳದ ಚೀಲಗಳಂತೆ ಬೇರೆ ಬೇರೆ ಸುತ್ತಿಕೊಂಡು ಮಲಗುತ್ತಿದ್ದೆವು.

ನಮ್ಮ ಮನೆಯವರ ಹೆಸರನ್ನು ಅವರು ಇರುವವರೆಗೂ ನಾನು ಬಾಯಿ ಬಿಟ್ಟು ಹೇಳಲಿಲ್ಲ. ಈಗ ಬರೆಯಲೂ ಕೈ ಬರುವುದಿಲ್ಲ. ಊರಿನ ಕನ್ನಡ ಸಾಲೆಯಲ್ಲಿ ಅವರು ಮಾಸ್ತರರು. ಮಾವನವರು ಸೀರೆ ನೇಯುವವರು, ಅತ್ತೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವವರು. ಮನೆಗೆ ಕಾಲಿಟ್ಟರೆ ಮೊದಲು ಸಿಗುವುದೇ ಪಡಸಾಲೆಯಲ್ಲಿದ್ದ ಕುಣಿ ಮಗ್ಗ. ಕುಣಿಯಲ್ಲಿ ಕಾಲಿಳಿಸಿ ಕೂತ ಮಾವನವರಿಗೆ ಬಂದವರು ಹೋದವರೆಲ್ಲ ಕಾಣುತ್ತಿದ್ದರು, ಕಿವಿಗೆ ಮಾತ್ರ ಲಾಳಿಯ ಸದ್ದು ಬಿಟ್ಟು ಬೇರೇನೂ ಬೀಳುವುದಿಲ್ಲ ಎಂದು ನಾವು ನಂಬಿದ್ದೆವು.

ಹಗಲು ಹೊತ್ತು ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಒಂದು ರವಿವಾರ ನಾನು ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಅವರು ಕೈ ತೊಳೆಯುವ ನೆಪ ಮಾಡಿಕೊಂಡು ಬಂದರು.

"ಒಂದ ದೊಡ್ಡ ಹೊದಿಕಿ ಬೇಕ್ರಿ" ಅಂದೆ.

"ಎಷ್ಟ ದೊಡ್ಡದು?"

ನಾನು ಹಗ್ಗ ಎಳೆಯುತ್ತಲೇ ಇದ್ದೆ. ಮಾಸ್ತರರಾಗಿದ್ದರೂ ಅರ್ಥವಾಗಲು ಎರಡು ಕೊಡ ನೀರು ಸೇದುವಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿ ಕೆಂಪಾದವು.

"ಅಪ್ಪಗ ಏನಂತ ಹೇಳೂದು?" ಅಂದರು.

"ದೇವರು ನಿಮಗ ಮೂಗ ಕೊಟ್ಟಾನಲ್ಲ" ಅಂದೆ.

ಅವರಿಗೆ ಉಣ್ಣೆಯ ಕೂದಲು ಮೂಗಿಗೆ ತಾಕಿದರೆ ಒಂದೊಂದು ಸಲ ಸೀನು ಬರುತ್ತಿತ್ತು. ಅಲ್ಲಿಯವರೆಗೆ ದಿನಕ್ಕೆ ಒಂದೋ ಎರಡೋ. ಆ ರವಿವಾರದ ನಂತರ ಅದು ಬೆಳೆಯಿತು. ಮುಂಜಾನೆ ಎದ್ದು ಮೂರು, ಸಾಲೆಗೆ ಹೊರಡುವಾಗ ಎರಡು, ಊಟಕ್ಕೆ ಕೂತಾಗ ನಾಲ್ಕು. ಅತ್ತೆ ಅರಿಸಿನ ಹಾಕಿದ ಹಾಲು ಕೊಟ್ಟರು, ಮೆಣಸಿನ ಕಷಾಯ ಕೊಟ್ಟರು. ಅವರು ಎರಡನ್ನೂ ಕುಡಿದು ಮತ್ತೆ ಸೀನಿದರು. ಜೊತೆಯ ಮಾಸ್ತರರೊಬ್ಬರ ನಶ್ಯದ ಡಬ್ಬಿ ನಮ್ಮವರ ಅಂಗಿಯ ಕಿಸೆಯಲ್ಲಿದ್ದದ್ದು ನನಗೊಬ್ಬಳಿಗೇ ಗೊತ್ತಿತ್ತು. ಅಂಗಿ ತೊಳೆಯುವವಳು ನಾನೇ ಆಗಿದ್ದೆ.

ಇಷ್ಟಾದರೂ ಮಾವನವರು ಅಲುಗಲಿಲ್ಲ. ಕೊನೆಗೆ ಒಂದು ಮುಂಜಾನೆ ಓಣಿಯಲ್ಲಿ ಹಾಸು ಚಾಚಿ ಗಂಜಿ ಹಾಕುತ್ತಿದ್ದರು. ಸೀರೆಯ ಉದ್ದದ ಎಳೆಗಳನ್ನೆಲ್ಲ ಒಂದು ಕೋಲಿಗೆ ಕಟ್ಟಿ, ಆ ತುದಿಯನ್ನು ಒಂದು ಗಳಿಗೆ ಬಿಗಿಯಾಗಿ ಹಿಡಿದಿರು ಎಂದು ಮಗನಿಗೆ ಕೊಟ್ಟು ತಾವು ಕುಂಚ ತರಲು ಹೋದರು. ನಮ್ಮವರು ಹಿಡಿದರು. ಆಮೇಲೆ ಒಂದು ಕೈ ಕಿಸೆಗೆ ಹೋದದ್ದನ್ನು ನಾನು ಬಾಗಿಲ ಮರೆಯಿಂದ ಕಂಡೆ. ಐದು ಸೀನು ಒಂದರ ಹಿಂದೊಂದು ಬಂದವು. ಐದನೆಯದಕ್ಕೆ ಕೋಲು ಕೈ ಬಿಟ್ಟಿತು. ಗಂಜಿ ಹತ್ತಿದ ಎಳೆಗಳು ಮಣ್ಣಿಗೆ ಬಿದ್ದು ಸೇವಿಗೆಯ ಹಾಗೆ ಮುದ್ದೆಯಾದವು. ಅವುಗಳನ್ನು ಬಿಡಿಸುವುದರಲ್ಲಿ ಮಾವನವರಿಗೆ ಮಧ್ಯಾಹ್ನವಾಯಿತು.

ಬೈಯಬಹುದು ಎಂದುಕೊಂಡಿದ್ದೆವು. ಅವರು ಊಟಕ್ಕೆ ಕೂತು ರೊಟ್ಟಿ ಮುರಿಯುತ್ತಾ ಇಷ್ಟೇ ಅಂದರು: "ಇವಗ ಉಣ್ಣಿ ಆಗಿ ಬರಂಗಿಲ್ಲ. ಬ್ಯಾರೆ ಏನರ ಹೊದಿಕಿ ನೋಡ್ರಿ. ಇಲ್ಲಂದ್ರ ನನ್ನ ಮಗ್ಗ ಮುಚ್ಚತಾನ."

ಅಲ್ಲಿಂದ ಒಂದು ವಾರ ಮನೆಯಲ್ಲಿ ಹೊದಿಕೆಯದೇ ಮಾತು. ಹಣದ ಗಂಟು ಅತ್ತೆಯ ಕೈಯಲ್ಲಿತ್ತು. ನಾಲ್ಕು ರೂಪಾಯಿ ದಾಟಬಾರದು ಎಂದು ಅವರು ಮೊದಲೇ ಗೆರೆ ಎಳೆದರು. ಅವರ ಮನಸ್ಸಿನಲ್ಲಿದ್ದದ್ದು ಖರ್ಚೇ ಇಲ್ಲದ ಕೌದಿ. "ಹಳೀ ಸೀರಿ ಅದಾವು, ಕುಂತಲ್ಲೇ ಹೊಲೀತೇನಿ" ಅಂದರು. ಅತ್ತೆ ಕಂಡಿಕೆ ಸುತ್ತಿ, ಅಡಿಗೆ ಮಾಡಿ, ಉಳಿದ ಹೊತ್ತಿನಲ್ಲಿ ಹೊಲಿದರೆ ಕೌದಿ ಮುಗಿಯುವಷ್ಟರಲ್ಲಿ ಯುಗಾದಿ ಬರುತ್ತಿತ್ತು. ಬೇಸಿಗೆಗೆ ಬೆಚ್ಚಗಿನ ಕೌದಿ ಯಾರಿಗೆ ಬೇಕು? ನಮ್ಮವರು ಉತ್ತರವಾಗಿ ಒಂದು ಸೀನು ಕೊಟ್ಟರು.

ಅಷ್ಟರಲ್ಲಿ ಸಾಲೆಯ ಕೆಲಸಕ್ಕೆ ಅವರು ಜಮಖಂಡಿಗೆ ಹೋಗಬೇಕಾಯಿತು. ಅಲ್ಲಿಯ ಪೇಟೆಯಿಂದ, ಬೇಡವಾದರೆ ಮರಳಿಸುವ ಕರಾರಿನ ಮೇಲೆ, ಸೊಲ್ಲಾಪುರದ ಅಗ್ಗದ ಚಾದರವೊಂದನ್ನು ತಂದರು. ಕೆಂಪು ನೆಲ, ಹಳದಿ ಹೂ, ನೋಡಲು ಬಹಳ ಚೆಂದ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿದರು. ಆಚೆ ಮಗ್ಗದಲ್ಲಿ ಮಾವನವರು ಕೂತಿದ್ದರು.

"ಇದರಾಗ ನಿಮ್ಮ ಮೀಸಿ ಕಾಣತೈತ್ರಿ" ಅಂದರು ಅತ್ತೆ.

ಅಲ್ಲಿಗೆ ಚಾದರದ ಮಾತು ಮುಗಿಯಿತು. ಮಾವನವರು ಕೈಯಲ್ಲಿ ಉಜ್ಜಿ ನೋಡಿ, ಇದು ಹಾಸಲಿಕ್ಕೆ ಸರಿ, ಹೊದೆಯಲಿಕ್ಕಲ್ಲ ಎಂದು ತೀರ್ಪು ಕೊಟ್ಟರು. ಇನ್ನು ಉಳಿದದ್ದು ಅರಳೆ ತುಂಬಿದ ರಜಾಯಿ. ನಮ್ಮ ಓಣಿಯಲ್ಲಿ ರಜಾಯಿ ಇದ್ದದ್ದು ಒಬ್ಬ ಸಾಹುಕಾರರ ಮನೆಯಲ್ಲಿ, ಅದೂ ಅವರಿಗೆ ಪಾರ್ಶ್ವವಾಯು ಬಡಿದ ಮೇಲೆ. ಮಾವನವರು ಬಹಳ ಹೊತ್ತು ಮೀಸೆ ತಿರುವಿ ಕಡೆಗೆ ಹೂಂ ಅಂದರು. ಬಟ್ಟೆ ಮಾತ್ರ ಹೊರಗಿನಿಂದ ಕೊಳ್ಳಬಾರದು, ನೇಕಾರನ ಮನೆಗೆ ಅದು ಅವಮಾನ; ಮಗ್ಗದ ಮೇಲೆ ಒರಟು ಬಿಳಿ ಬಟ್ಟೆಯ ಒಂದು ತಾನು ಇಳಿದಿದೆ, ಅದನ್ನೇ ಮೇಲೂ ಕೆಳಗೂ ಹಾಕಿಸೋಣ ಎಂದರು.

ಅರಳೆ ಹಿಂಜುವ ಮನುಷ್ಯ ಇದ್ದದ್ದು ರಬಕವಿಯಲ್ಲಿ. ಬನಹಟ್ಟಿಯಿಂದ ರಬಕವಿಗೆ ನಡೆದು ಹೋದರೆ ಬಾಯಲ್ಲಿ ಹಾಕಿಕೊಂಡ ಎಲೆ ಅಡಿಕೆ ಮುಗಿಯುವುದರೊಳಗೆ ಊರು ಸಿಗುತ್ತದೆ. ಆದರೆ ನಾವು ಜಮಖಂಡಿ ದೊರೆಯ ಪ್ರಜೆಗಳು, ಅವರು ಸಾಂಗಲಿ ದೊರೆಯ ಪ್ರಜೆಗಳು. ಅಲ್ಲಿ ಹೋದರೆ ನಮ್ಮನ್ನು ಯಾರೂ ಗುರುತು ಹಿಡಿಯುವುದಿಲ್ಲ ಎಂಬ ಭ್ರಮೆ ನಮ್ಮಲ್ಲಿ ಎಲ್ಲರಿಗೂ ಇತ್ತು.

ಮುಂದಿನ ರವಿವಾರ ಮಾವನವರು ಮುಂದೆ, ನಮ್ಮವರು ಅವರ ಹಿಂದೆ, ಹತ್ತು ಹೆಜ್ಜೆ ಬಿಟ್ಟು ನಾನು, ಹೀಗೆ ಹೊರಟೆವು. ಹೊಲಿಗೆ ನೋಡಲು ಹೆಂಗಸೊಬ್ಬಳು ಇರಬೇಕು ಎಂದು ಅತ್ತೆಯೇ ನನ್ನನ್ನು ಕಳಿಸಿದ್ದರು. ಆ ಮನುಷ್ಯನ ಅಂಗಳದಲ್ಲಿ ಅರಳೆ ಮೋಡದ ಹಾಗೆ ಬಿದ್ದಿತ್ತು. ಅವರು ದೊಡ್ಡ ಬಿಲ್ಲಿನ ನರಕ್ಕೆ ಕೊಡತಿ ಬಡಿದು ಟಂಯ್ ಟಂಯ್ ಎಂದು ಹಿಂಜುತ್ತಿದ್ದರು. ಗಡ್ಡಕ್ಕೆ, ಹುಬ್ಬಿಗೆ ಅರಳೆ ಹತ್ತಿಕೊಂಡು ಅಜ್ಜನಂತೆ ಕಾಣುತ್ತಿದ್ದರು, ವಯಸ್ಸು ಮಾತ್ರ ನಲವತ್ತು ದಾಟಿರಲಿಲ್ಲ. ಅವರ ಹೆಂಡತಿ ಒಳಗೆ ಕೂತು ಹೊಲಿಯುತ್ತಿದ್ದಳು.

ಮಾವನವರು ವ್ಯವಹಾರಕ್ಕೆ ಕೂತರು. ಹಳೆಯ ಅರಳೆಯಾದರೆ ಅಗ್ಗ, ಅದನ್ನೇ ಹಾಕು ಎಂದರು.

"ಹಾಕತೇನ್ರಿ ಯಜಮಾನ್ರ. ಆದ್ರ ಹಳೀ ಅರಳಿ ಎರಡ ಚಳಿಗಾಲಕ್ಕ ಗಂಟ ಕಟ್ಟತೈತಿ. ಆಮ್ಯಾಲ ನೀವು ಹೊಚ್ಕೊಳ್ಳೂದು ಬರೇ ಅರಿವಿ."

"ಹಂಗಾರ ಹೊಸಾದು ಹಾಕು. ತೂಕ ಜಾಸ್ತಿ ಇರ್ಲಿ, ಬೆಚ್ಚಗ ಆಗಬೇಕು."

"ತೂಕದಾಗ ಬೆಚ್ಚಗ ಇರಂಗಿಲ್ರಿ. ಅರಳಿ ಉಬ್ಬಿರಬೇಕು, ಅದರಾಗ ಗಾಳಿ ನಿಲ್ಲಬೇಕು. ಹಗರ ಇದ್ದದ್ದ ಬೆಚ್ಚಗ. ಹೊಸಾದನ್ನ ಸ್ವಲ್ಪ ಕಮ್ಮಿ ಹಾಕಿ, ಹೊಲಿಗಿ ಒತ್ತಾಗಿ ಹಾಕ್ಸಿದ್ರ ನಿಮ್ಮ ರೊಕ್ಕಕ್ಕೂ ಸರಿ ಹೋಗತೈತಿ."

ಮಾವನವರು ಒಂದು ಹಿಡಿ ಅರಳೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರು. ಅದು ನಿಧಾನವಾಗಿ ಮೊದಲಿನ ಹಾಗೆ ಎದ್ದು ನಿಂತಿತು. ಬೆರಳಿಂದ ಬಿಡಿಸಿ ಬೀಜದ ಚೂರು, ಎಲೆಯ ಹೊಟ್ಟು ಇವೆಯೇ ಎಂದು ನೋಡಿದರು. ನಾನು ಒಳಗೆ ಹೋಗಿ ಹೊಲಿಗೆ ನೋಡಿದೆ. ಬೆರಳು ತೂರದಷ್ಟು ಒತ್ತಾಗಿತ್ತು. ಎಲ್ಲ ಸರಿಯಾಗಿ ದರ ಮುರಿದ ಮೇಲೆ ಆ ಮನುಷ್ಯ ಬಿಲ್ಲು ಪಕ್ಕಕ್ಕಿಟ್ಟು, ಓಣಿಗೆಲ್ಲ ಕೇಳುವ ದನಿಯಲ್ಲಿ ಕೇಳಿದರು.

"ಒಂಟಿದೋ, ಜೋಡಿದೋ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗ್ಗದಿಂದ ಇಳಿದ ಬಟ್ಟೆಯ ಅಗಲಕ್ಕೆ ನಮ್ಮಲ್ಲಿ ಪನ್ನ ಅನ್ನುತ್ತಾರೆ. ಒಂದು ಪನ್ನದ ರಜಾಯಿ ಒಬ್ಬರಿಗೆ, ಅದು ಒಂಟಿ. ಎರಡು ಪನ್ನ ಕೂಡಿಸಿ ಹೊಲಿದರೆ ಇಬ್ಬರಿಗೆ, ಅದು ಜೋಡಿ. ಕೇಳಿದವರಿಗೆ ಅದು ಬರೀ ಅಳತೆ. ನಮ್ಮವರು ಆಕಾಶದಲ್ಲಿ ಏನೋ ಹಕ್ಕಿ ಹುಡುಕತೊಡಗಿದರು. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ. ಮಾವನವರು ಒಮ್ಮೆ ಮಗನ ಕಡೆ ನೋಡಿದರು, ಒಮ್ಮೆ ನೆಲದ ಕಡೆ ನೋಡಿದರು.

"ಒಂಟಿದು" ಅಂದರು. "ಸೀನಾಂವ ಒಬ್ಬನ."

ತಾನಿನಿಂದ ಒಂದು ಪನ್ನಕ್ಕೆ ಬೇಕಾದಷ್ಟನ್ನು ಅಳೆದು ಹರಿದು ಕೊಟ್ಟರು. ಮನೆಗೆ ಮರಳುವಾಗ ನಮ್ಮವರ ಬೆನ್ನು ನೋಡಿದರೆ ಸಾಲೆಯಲ್ಲಿ ಛಡಿ ಏಟು ತಿಂದವರ ಬೆನ್ನಿನ ಹಾಗಿತ್ತು.

ನಾನು ಅಷ್ಟಕ್ಕೆ ಬಿಡುವವಳಲ್ಲ. ಮದುವೆಯಲ್ಲಿ ತವರಿನಿಂದ ಬಂದ ಹಸಿರು ಸೀರೆಯೊಂದಿತ್ತು, ಕೆಂಪು ದಡಿಯದು, ಉಟ್ಟು ಉಟ್ಟು ಮೆತ್ತಗಾಗಿತ್ತು. ಎರಡು ದಿನ ಬಿಟ್ಟು ಬಳೆ ಇಡಿಸಿಕೊಳ್ಳುವ ನೆಪದಲ್ಲಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರಬಕವಿಗೆ ಹೋದೆ.

"ಕಾಕಾ, ಇದನ್ನೊಂದ ಪನ್ನಾ ಬಾಜೂಕ ಹಚ್ಚಿಕೊಡ್ರಿ" ಅಂದೆ. "ಮ್ಯಾಲಿನ ಅರಳಿಗೆ ರೊಕ್ಕ ಇಲ್ಲೈತಿ. ನಮ್ಮನಿ ಹಿರ್‍ಯಾರಿಗೆ ಹೇಳಬ್ಯಾಡ್ರಿ."

ಪಂಚಮಿಗೆ ತವರಿನವರು ಕೊಟ್ಟಿದ್ದ ಚಿಲ್ಲರೆಯನ್ನು ಸೆರಗಿನ ಗಂಟು ಬಿಚ್ಚಿ ಕೊಟ್ಟೆ. ಆ ಮನುಷ್ಯ ಸೀರೆ ಕೈಗೆ ತೆಗೆದುಕೊಂಡು ಒಂದು ಗಳಿಗೆ ಛಾವಣಿ ನೋಡಿದರು. ನಗು ತಡೆಯಲು ಬಹಳ ಕಷ್ಟಪಟ್ಟಂತೆ ಕಂಡಿತು. ಒಳಗೆ ಹೊಲಿಯುತ್ತಿದ್ದ ಹೆಂಡತಿಗೆ ಏಕೋ ಏಕಾಏಕಿ ಕೆಮ್ಮು ಬಂತು.

"ಯಾರ ಮಾತೂ ಯಾರಿಗೂ ಹೇಳಂಗಿಲ್ಲ ತಂಗಿ. ಕಸಬಿಗೆ ಕೂತಮ್ಯಾಲ ನನಗ ಬಾಯಿ ಇಲ್ಲ" ಅಂದರು.

ಯಾರ ಮಾತೂ ಎಂದು ಏಕೆ ಹೇಳಿದರು ಎಂದು ನಾನಾಗ ಯೋಚಿಸಲಿಲ್ಲ. ಎಂಥ ಧೈರ್ಯದ ಕೆಲಸ ಮಾಡಿದೆ ಎಂಬ ಸಂತೋಷದಲ್ಲಿದ್ದೆ. ಏನೂ ಅರಿಯದವಳಂತೆ ಹೊಸ ಬಳೆಗಳನ್ನು ಝಣಝಣ ಮಾಡುತ್ತಾ ಮನೆಗೆ ಬಂದು, ನಮ್ಮವರಿಗೂ ಹೇಳದೆ ಇಟ್ಟುಕೊಂಡೆ. ರಜಾಯಿ ಬಿಚ್ಚಿದಾಗ ಅವರ ಮುಖ ನೋಡುವ ಆಸೆ.

ಈಗ ನೆನೆದರೆ ಆ ಹದಿನೈದು ದಿನ ನಮ್ಮ ಮನೆಯಲ್ಲಿ ಎಲ್ಲರೂ ವಿಚಿತ್ರವಾಗಿ ಒಳ್ಳೆಯವರಾಗಿದ್ದರು. ನಮ್ಮವರು ಸಾಲೆ ಬಿಟ್ಟ ಮೇಲೆ ಗೆಳೆಯನನ್ನು ನೋಡಿ ಬರುತ್ತೇನೆಂದು ರಬಕವಿಗೆ ಹೋದರು. ಅತ್ತೆ ತಮ್ಮ ಅಕ್ಕನ ಮಗಳು ಬಸುರಿ, ನೋಡಿ ಬರುತ್ತೇನೆಂದು ರಬಕವಿಗೆ ಹೋದರು. ಮಾವನವರು ನೂಲಿನ ಲೆಕ್ಕ ಕೇಳಿ ಬರುತ್ತೇನೆಂದು ರಬಕವಿಗೆ ಹೋದರು. ಯಾರು ಹೊರಟರೂ ಉಳಿದವರು "ಹೋಗಿ ಬರ್ರಿ, ಆರಾಮ ಬರ್ರಿ" ಎಂದು ಬಾಗಿಲ ತನಕ ಬಂದು ಕಳಿಸುತ್ತಿದ್ದರು. ಒಬ್ಬರ ಮೇಲೆ ಒಬ್ಬರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ರಜಾಯಿ ಬಂದದ್ದು ಒಂದು ರವಿವಾರದ ಮಧ್ಯಾಹ್ನ, ಎಲ್ಲರೂ ಮನೆಯಲ್ಲಿದ್ದಾಗ. ಮೊದಲು ಬಾಗಿಲಲ್ಲಿ ಒಂದು ಬೊಂಬಿನ ತುದಿ ಕಂಡಿತು. ಆಮೇಲೆ ಬೊಂಬಿಗೆ ಸುತ್ತಿದ ಏನೋ ಒಂದು, ತೂಗುಹಾಕಿದ ಎಮ್ಮೆಯ ಕರುವಿನಷ್ಟು ದಪ್ಪದ್ದು, ಬಾಗಿಲಲ್ಲಿ ಸಿಕ್ಕಿ ನಿಂತಿತು. ಈಚೆ ತುದಿಗೆ ಒಬ್ಬ ಕೂಲಿ, ಆಚೆ ತುದಿಗೆ ಇನ್ನೊಬ್ಬ, ಅವರ ಹಿಂದೆ ಆ ಅರಳೆಯ ಮನುಷ್ಯ ಕೈಕಟ್ಟಿಕೊಂಡು, ಬಹಳ ವಿನಯದಿಂದ. ಎಳೆದು, ನೂಕಿ, ಮಗ್ಗದ ಪಕ್ಕದಿಂದ ದಾಟಿಸಿ ಹಿತ್ತಲ ಅಂಗಳಕ್ಕೆ ತಂದರು.

"ಇದು ನಮ್ಮದಲ್ಲ" ಅಂದರು ಮಾವನವರು. "ಯಾವುದೋ ಛತ್ರದ್ದು ಇಲ್ಲಿ ತಂದೀರಿ."

"ನಿಮ್ಮದ ರಿ ಯಜಮಾನ್ರ" ಅಂದು ಆ ಮನುಷ್ಯ ಕೂಲಿಗಳಿಗೆ ಸನ್ನೆ ಮಾಡಿದರು. ಅವರು ಬಿಚ್ಚಿ ಉರುಳಿಸಿದರು. ರಜಾಯಿ ಬಾವಿಯ ಕಟ್ಟೆಯ ಹತ್ತಿರ ಶುರುವಾಗಿ, ತುಳಸಿ ಕಟ್ಟೆಯ ಮುಂದೆ ಹಾದು, ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ನಿಂತಿತು. ಉದ್ದ ಒಬ್ಬ ಮನುಷ್ಯನಷ್ಟೇ. ಅಗಲ ಮಾತ್ರ ಐದು ಪನ್ನ.

ಮೊದಲನೆಯ ಪನ್ನ ನನ್ನ ಹಸಿರು ಸೀರೆ. ಎರಡನೆಯದು ನೀಲಿ ಪಟ್ಟೆಯ ಅಂಗಿ ಅರಿವಿ. ಮೂರು ಮತ್ತು ನಾಲ್ಕು ಮಾವನವರ ಒರಟು ಬಿಳಿ. ಐದನೆಯದು ಕೆಂಪು ದಡಿಯ ಕಪ್ಪು ಸೀರೆ.

ಮಾವನವರು ನೇಕಾರರು, ಬಟ್ಟೆ ಕಂಡರೆ ಅದರ ಊರು ಕೇರಿ ಹೇಳುವವರು. ಅಡಿಗೆಮನೆಯ ಕಡೆಯಿಂದ ಬರಲಿಲ್ಲ, ಬಾವಿಯ ಕಡೆಯಿಂದ ಶುರು ಮಾಡಿದರು. ಕೂತು ಹಸಿರು ಸೀರೆಯ ದಡಿ ಮುಟ್ಟಿ, "ಮುಧೋಳದ ಬೀಗರದು" ಅಂದರು. ನಾನು ಬಾವಿಗೆ ಬೀಳುವುದೋ ಅಡಿಗೆಮನೆಗೆ ಓಡುವುದೋ ತಿಳಿಯದೆ ನಿಂತಲ್ಲೇ ನಿಂತೆ. ನಮ್ಮವರು ನನ್ನ ಕಡೆ ನೋಡಿದ ನೋಟದಲ್ಲಿ ಅರ್ಧ ಗಾಬರಿ, ಅರ್ಧ ಗೌರವ ಇತ್ತು. ಅದು ಬಹಳ ಹೊತ್ತು ಉಳಿಯಲಿಲ್ಲ. ಮಾವನವರು ಎರಡನೆಯ ಪನ್ನಕ್ಕೆ ಸರಿದರು.

"ಇದು ಮದಿವಿಯಾಗ ನಿನಗ ಕೊಟ್ಟ ಅಂಗಿ ಅರಿವಿ ಅಲ್ಲೇನ? ಎರಡ ಅಂಗಿ ಹೊಲಿಸಾಕ ಹಾಕೇನಿ ಅಂದಿದ್ದಿ."

ಮಾಸ್ತರರು ಸೀನಿದರು. ಆ ಸಲ ನಶ್ಯ ಇರಲಿಲ್ಲ, ಅದು ಖರೆ ಸೀನು ಎಂದು ನನಗನಿಸಿತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಏನವಾ, ಬಳಿ ಇಡಿಸ್ಕೊಳ್ಳಾಕ ಹೋಗಿದ್ದೆಲ್ಲ ನೀ? ಏನೋ ಮಾಸ್ತರಾ, ಗೆಳ್ಯಾ ಹ್ಯಾಂಗ ಅದಾನ?" ಎಂದು ಇಬ್ಬರಿಗೂ ಕೂಡಿಯೇ ಹಚ್ಚಿದರು. ಇನ್ನೂ ಹೇಳುವವರಿದ್ದರು. ಆದರೆ ಅಷ್ಟರಲ್ಲಿ ಮಾವನವರು ಮೂರು, ನಾಲ್ಕನ್ನು ಮುಟ್ಟದೆ ಒಮ್ಮೆಲೇ ಐದನೆಯದಕ್ಕೆ ಹೋಗಿ ಕೂತಿದ್ದರು. ಕಪ್ಪು ಸೀರೆಯ ಮೇಲೆ ಅಂಗೈ ಇಟ್ಟು ದಡಿಯ ತನಕ ಸವರಿದರು.

"ಇದು ನಾ ನೇಯ್ದದ್ದು" ಅಂದರು. "ಇಂವ ಹುಟ್ಟಿದಾಗ ನಿನಗ ಅಂತ ನೇಯ್ದಿದ್ದೆ. ಗೆದ್ದಲ ತಿಂತು ಅಂದಿದ್ದಿ."

ಅತ್ತೆಯ ಕೈ ಸೊಂಟದಿಂದ ಇಳಿಯಿತು. ಆದರೆ ಅವರು ಅಷ್ಟಕ್ಕೆ ಸೋಲುವ ಹೆಂಗಸಲ್ಲ. ಕಣ್ಣು ನಿಧಾನವಾಗಿ ರಜಾಯಿಯ ನಡುವಿಗೆ ಬಂತು. ಬೆರಳು ಮಡಚಿ ಎಣಿಸಿದರು.

"ಅವತ್ತ ರವಿವಾರ ನೀವು ಕೊಟ್ಟ ಬಂದದ್ದು ಒಂದ ಪನ್ನಾ ಅಲ್ಲೇನ್ರಿ? ಸೀನಾಂವ ಒಬ್ಬನ ಅಂದ್ರಂತ. ಇಲ್ಲಿ ನಿಮ್ಮ ಮಗ್ಗದ ಅರಿವಿ ಎರಡ ಪನ್ನಾ ಐತಿ. ಆ ಎರಡನೇದು ತಾನ ನಡಕೋತ ರಬಕವಿಗೆ ಹೋತೇನು?"

ಮಾವನವರು ಮೀಸೆಗೆ ಕೈ ಹಾಕಿದರು. ಮೀಸೆಯಲ್ಲಿ ಏನೂ ಸಿಗಲಿಲ್ಲ. "ನೂಲಿನ ಲೆಕ್ಕಕ್ಕ ಹೋಗಿದ್ದೆ" ಅಂದರು.

"ನೂಲ ಭಾಳ ದಪ್ಪ ಐತಿ" ಅಂದರು ಅತ್ತೆ, ರಜಾಯಿಯನ್ನು ಹಿಸುಕಿ ನೋಡಿ.

ಅಷ್ಟು ಹೊತ್ತೂ ಬಾವಿಯ ಹತ್ತಿರ ನಿಂತಿದ್ದ ಅರಳೆಯ ಮನುಷ್ಯ ಆಗ ಬಾಯಿ ಬಿಟ್ಟರು. "ನೋಡ್ರಿ, ನಾ ಯಾರ ಮುಂದೂ ಏನೂ ಹೇಳಿಲ್ಲ. ನಾಕೂ ಮಂದಿ ಯಾರಿಗೂ ಹೇಳಬ್ಯಾಡ ಅಂದ್ರಿ, ನಾಕೂ ಮಂದಿ ಮಾತ ಉಳಿಸೇನಿ."

ಮೊದಲು ನಕ್ಕದ್ದು ಯಾರೆಂದು ನನಗೆ ನೆನಪಿಲ್ಲ. ಕೂಲಿಗಳಿರಬೇಕು. ಆಮೇಲೆ ಅತ್ತೆ ತುಳಸಿ ಕಟ್ಟೆ ಹಿಡಿದುಕೊಂಡು ನಕ್ಕರು, ಮಾವನವರು ಕಪ್ಪು ಸೀರೆಯ ಮೇಲೆಯೇ ಕೂತು ಕೆಮ್ಮು ಬರುವಷ್ಟು ನಕ್ಕರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆ ದಿನ ಹಿರಿಯರೆದುರಿಗೇ ನಮ್ಮವರು ನನ್ನನ್ನು ನೇರವಾಗಿ ನೋಡಿ ನಕ್ಕರು, ಯಾರೂ ಏನೂ ಅನ್ನಲಿಲ್ಲ.

ಆದರೂ ಆ ರಜಾಯಿಯನ್ನು ಹಾಗೇ ಬಳಸುವಂತಿರಲಿಲ್ಲ. ಅದನ್ನು ಹಾಸಿದರೆ ಒಂದು ಮದುವೆಯ ದಿಬ್ಬಣವೇ ಮಲಗಬಹುದಿತ್ತು. ಎರಡು ಮಾಡಿ ಕೊಡುತ್ತೇನೆ, ಎಲ್ಲಿ ಕತ್ತರಿಸಲಿ ಎಂದು ಆ ಮನುಷ್ಯ ಕೇಳಿದರು. ಐದನ್ನು ಎರಡು ಪಾಲು ಮಾಡುವುದು ಹೇಗೆ ಎಂಬುದು ಮಾಸ್ತರರ ಮನೆಯಲ್ಲಿ ಒಂದು ಗಳಿಗೆ ಬಿಡಿಸಲಾಗದ ಲೆಕ್ಕವಾಯಿತು. ಮೂರನೆಯ ಪನ್ನ ನ್ಯಾಯವಾಗಿ ನಮ್ಮದು. ನಮ್ಮವರ ಮೂಗಿಗಾಗಿಯೇ ಮಂಜೂರಾದದ್ದು. ನಾನು ಅವರ ಕಡೆ ನೋಡಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎರಡನೆಯ ಮತ್ತು ಮೂರನೆಯ ಪನ್ನದ ನಡುವಿನ ಹೊಲಿಗೆಯ ಮೇಲೆ ಕಾಲಿಟ್ಟು ನಿಂತಿದ್ದರು.

"ಇಲ್ಲಿ ಕತ್ತರಸು" ಅಂದರು. "ವಯಸ್ಸಾದವರಿಗೆ ಥಂಡಿ ಜಾಸ್ತಿ. ಸಣ್ಣವರಿಗೆ ಎರಡ ಪನ್ನಾ ಸಾಕು. ಸಾಕೋ ಇಲ್ಲೋ?"

ಸಾಕು ಎಂದರೆ ಒಂದು ಅರ್ಥ, ಸಾಲದು ಎಂದರೆ ಇನ್ನೊಂದು ಅರ್ಥ. ಇಬ್ಬರೂ ತಲೆ ಆಡಿಸಿದೆವು. ಹೀಗೆ ಮೂರು ಪನ್ನ ಅವರಿಗೆ, ಎರಡು ನಮಗೆ. ಕತ್ತರಿಸಿ ಅಂಚು ಹೊಲಿದು ಕೊಡಲು ಆ ಮನುಷ್ಯ ಮೇಲೆ ಏನೂ ತೆಗೆದುಕೊಳ್ಳಲಿಲ್ಲ. ಒಂದು ತಟ್ಟೆ ಜೋಳದ ರೊಟ್ಟಿ, ಎಣ್ಣಿಗಾಯಿ ಬದನೆಕಾಯಿ ಉಂಡು, ಇಂಥ ಗಿರಾಕಿಗಳು ಮತ್ತೆ ಸಿಗುವುದಿಲ್ಲ ಎಂದು ಹೇಳಿ ಹೋದರು.

ಮಾವನವರು ಎಷ್ಟೋ ವರ್ಷಗಳಿಂದ ಪಡಸಾಲೆಯಲ್ಲಿ ಮಗ್ಗದ ಪಕ್ಕ ಮಲಗುತ್ತಿದ್ದರು. ಇಲಿ ಬಂದು ನೂಲು ಕಡಿಯುತ್ತದೆ, ಕಾಯಬೇಕು ಎಂಬುದು ಅದಕ್ಕೆ ಕಾರಣ. ಅತ್ತೆಯ ಹಾಸಿಗೆ ಅಡಿಗೆಮನೆಯ ಪಕ್ಕದ ಖೋಲಿಯಲ್ಲಿ. ರಜಾಯಿ ಬಂದ ವಾರದಲ್ಲೇ ಮಾವನವರು ಊರಿನಲ್ಲಿ ಇಲಿಗಳು ಕಡಿಮೆಯಾಗಿವೆ ಎಂದು ಊಟದ ಹೊತ್ತಿಗೆ ಎರಡು ಸಲ ಹೇಳಿದರು. ಯಾರೂ ಅಲ್ಲಗಳೆಯಲಿಲ್ಲ. ಅತ್ತೆ ಮಾತ್ರ ಸಾರು ಬಡಿಸುತ್ತಾ, "ಬೆಕ್ಕ ಛಲೋ ಐತಲ್ಲ ಈ ಸಲ" ಅಂದರು.

ಸಂಕ್ರಾಂತಿಗೆ ಕುಸುರೆಳ್ಳು ಹಿಡಿದುಕೊಂಡು ಮುಧೋಳದಿಂದ ನಮ್ಮವ್ವ ಬಂದಳು. ಚಕ್ಕಡಿಯಿಂದ ಇಳಿದು ಒಳಗೆ ಬಂದಾಗ ಎರಡೂ ರಜಾಯಿಗಳು ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದವು. ಅವಳ ಕಣ್ಣು ನೇರವಾಗಿ ಹಸಿರು ಸೀರೆಯ ಮೇಲೆ ಬಿತ್ತು. ಆ ಸೀರೆ ಕೊಳ್ಳಲು ಅವಳು ಎಷ್ಟು ಹಬ್ಬಗಳಲ್ಲಿ ತನ್ನ ಸೀರೆ ಬಿಟ್ಟುಕೊಟ್ಟಿದ್ದಳೋ ನನಗೆ ಗೊತ್ತಿತ್ತು. ಅವಳು ಬಾಗಿ ಅದರ ಕೆಂಪು ದಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

ಕಂಡಿಕೆ ಸುತ್ತುತ್ತಿದ್ದ ಅತ್ತೆ ರಾಟೆ ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ. "ಅದನ್ನ ನಾನ ಹಟ ಮಾಡಿ ಹಾಕ್ಸೇನ್ರಿ ಬೀಗತ್ಯಾರ" ಅಂದರು. "ಹುಡುಗಿ ಒಲ್ಲೆ ಅಂತ ಅಳಾಕ ಹತ್ತಿದ್ದಳು. ಥಂಡಿಯಾಗ ಮೈಮ್ಯಾಲ ತವರಮನಿ ಇರ್ಲಿ ಅಂತ ನಾನ ಕಸಗೊಂಡು ಕೊಟ್ಟೆ. ನನ್ನ ಮ್ಯಾಲ ಸಿಟ್ಟ ಆಗಬ್ಯಾಡ್ರಿ."

ನಮ್ಮವ್ವನ ಮುಖ ಕರಗಿತು. ನಾನು ಅತ್ತೆಯ ಕಡೆ ನೋಡಿದೆ. ಆ ಹೆಂಗಸು ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲಳೆಂದು ತಿಳಿದಿದ್ದರೆ ನಾನು ರಬಕವಿಗೆ ಕದ್ದು ಹೋಗುತ್ತಲೇ ಇರಲಿಲ್ಲ, ಕೈ ಹಿಡಿದು ಕರೆದುಕೊಂಡೇ ಹೋಗುತ್ತಿದ್ದೆ. ಆ ಮಧ್ಯಾಹ್ನದಿಂದ ನನಗೆ ಅವರ ಭಯ ಹೋಯಿತು. ಅವರಿಗೂ ಅದು ಗೊತ್ತಾಗಿರಬೇಕು. ಮಾರನೆಯ ದಿನದಿಂದ ನನಗೆ ಕೆಲಸ ಸ್ವಲ್ಪ ಹೆಚ್ಚೇ ಹೇಳಿದರು, ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು.

ಊಟವಾದ ಮೇಲೆ ನಮ್ಮವ್ವ ಬಿಸಿಲಿನಲ್ಲಿ ರಜಾಯಿಯ ಅಂಚಿಗೆ ಕೂತಳು. ಎರಡೂ ಕೈ ಅದರ ಅಡಿಗೆ ತೂರಿಸಿ ಬಹಳ ಹೊತ್ತು ಇಟ್ಟುಕೊಂಡಳು. ನಮ್ಮಪ್ಪ ಮುಧೋಳದಲ್ಲಿ ಹೊರಗಿನ ಕಟ್ಟೆಯ ಪಕ್ಕದ ಖೋಲಿಯಲ್ಲಿ ಮಲಗುತ್ತಿದ್ದದ್ದು ನನಗೆ ಆಗ ನೆನಪಾಗಲಿಲ್ಲ. ಅವಳು ಆಚೆ ಈಚೆ ನೋಡಿ, ಮಗ್ಗದ ಸದ್ದು ಜೋರಾಗಿ ನಡೆದಿದೆ ಎಂದು ಖಾತ್ರಿ ಮಾಡಿಕೊಂಡು, ಅತ್ತೆಯ ಕಿವಿಯ ಹತ್ತಿರ ಬಾಗಿದಳು.

"ಆ ರಬಕವಿಯವರು ಮುಧೋಳದವರಿಗೂ ಹೊಲಿದ ಕೊಡತಾರೇನ್ರಿ?"

"ಕೊಡತಾರ" ಅಂದರು ಅತ್ತೆ. "ಆದ್ರ ಒಬ್ಬಾಕಿನ ಹೋಗಬ್ಯಾಡ್ರಿ. ನಾಳೆ ನನಗೂ ಅಲ್ಲಿ ಕೆಲಸ ಐತಿ, ಬಸುರಿನ್ನ ನೋಡಬೇಕು."

ಮಗ್ಗದ ಸದ್ದು ನಿಂತು, ಮಾವನವರು ಒಮ್ಮೆ ಕೆಮ್ಮಿ, ಮತ್ತೆ ಲಾಳಿ ಎಸೆದರು.